ಯಡಹಳ್ಳಿಯ ಅಡವಿಯಲ್ಲಿ ಹೂ ಮತ್ತು ಬಾಯಿ



ದೀಪಾವಳಿಯ ಪಾಡ್ಯದ ದಿನ ಬೀಳಗಿ-ಮುಧೋಳದ ಈ ಭಾಗದ ಮನೆಗಳಲ್ಲಿ ಸೆಗಣಿಯಿಂದ ಪಾಂಡವರನ್ನು ಮಾಡಿ ಬಾಗಿಲಲ್ಲಿ ಕೂಡಿಸುವ ರೂಢಿ ಇದೆ. ಅವರ ನೆತ್ತಿಗೆ ಸಿಗಿಸುವ ಉತ್ತರಾಣಿ ಕಡ್ಡಿ, ಹೊನ್ನಾವರಿಕೆ ಹೂ ತೋಟದಲ್ಲಿ ಬೆಳೆಸಿದವಲ್ಲ. ಹುಡುಗರು ಊರ ಹೊರಗಿನ ಗುಡ್ಡದಿಂದಲೋ ಹೊಲದ ಬದುವಿನಿಂದಲೋ ಕಿತ್ತು ತಂದವು. ವರ್ಷವಿಡೀ ಕುರಿ, ಆಡು, ದನ ಅಡ್ಡಾಡಿದ ಅದೇ ಗುಡ್ಡದಲ್ಲಿ ಹಬ್ಬಕ್ಕೆ ಸಾಕಾಗುವಷ್ಟು ಈ ಎರಡು ಗಿಡಗಳು ಉಳಿದದ್ದು ಹೇಗೆ?

ಹೊನ್ನಾವರಿಕೆ ಉಳಿಯುವುದು ತನ್ನ ರುಚಿಯಿಂದ. ಅದರ ತೊಗಟೆಯಲ್ಲಿ ಚರ್ಮ ಹದಮಾಡುವಷ್ಟು ಒಗರು ಇದೆ. ಹಿಂದೆ ಚರ್ಮ ಹದ ಮಾಡುವವರು ಅದರ ಚಕ್ಕೆಯನ್ನು ಹೊರೆಗಟ್ಟಲೆ ಕೊಳ್ಳುತ್ತಿದ್ದರು. ಸೊಪ್ಪಿಗೂ ದನಗಳು ಬಾಯಿ ಹಾಕುವುದು ಕಡಿಮೆ. ಉತ್ತರಾಣಿಯ ದಾರಿ ಬೇರೆ. ಅದು ಬಲಿತ ಮೇಲೆ ಕಾಳಿನ ಸುತ್ತ ಮೊನಚು ಬೆಳೆಸಿಕೊಂಡು, ಮೇಯಲು ಬಂದ ಪ್ರಾಣಿಯ ಮೈಗೇ ಅಂಟಿ ಮತ್ತೊಂದು ಗುಡ್ಡಕ್ಕೆ ಹೋಗುತ್ತದೆ. ಮೊದಲನೆಯದು ಬಾಯಿಂದ ತಪ್ಪಿಸಿಕೊಳ್ಳುತ್ತದೆ, ಎರಡನೆಯದು ಬಾಯಿ ಇರುವ ಪ್ರಾಣಿಯನ್ನೇ ಸವಾರಿಗೆ ಬಳಸುತ್ತದೆ. ಒಂದು ಅಡವಿಯ ನೆಲದಲ್ಲಿ ಯಾವ ಹೂ ಅರಳಬೇಕೆಂಬುದನ್ನು ಮಳೆ ಮತ್ತು ಮಣ್ಣಿನ ಜೊತೆಗೆ ಅಲ್ಲಿ ಮೇಯುವ ಬಾಯಿಗಳೂ ನಿರ್ಧರಿಸುತ್ತವೆ.

ಜಿಂಕೆಯಂಥ ಪ್ರಾಣಿಗಳ ಮೇವಿನಿಂದ ನೆಲಮಟ್ಟದ ಹೂಗಿಡಗಳಿಗೆ ಏನಾಗುತ್ತದೆ ಎಂಬುದು ಇಂದಿನ ಉಪನ್ಯಾಸದ ವಿಷಯ. ಮೊದಲು ನಮ್ಮ ಬೀಳಗಿ-ಮುಧೋಳದ ನಡುವಿನ ಯಡಹಳ್ಳಿ ಅಡವಿ ಮತ್ತು ಅಲ್ಲಿನ ಚಿಂಕಾರವನ್ನು ಪರಿಚಯ ಮಾಡಿಕೊಳ್ಳಬೇಕು. ಆಮೇಲೆ, ಕಚ್ಚಿಸಿಕೊಂಡ ಗಿಡದೊಳಗೆ ನಡೆಯುವುದೇನು ಎಂಬುದನ್ನು ನೋಡಬೇಕು. ಇದನ್ನು ಬೇರೆ ಕಡೆ ಅಳೆದವರು ಕಂಡುಕೊಂಡದ್ದೇನು ಎಂಬುದು ಮೂರನೆಯ ಭಾಗ. ಕೊನೆಗೆ ಮತ್ತೆ ಯಡಹಳ್ಳಿಗೇ ಬಂದು, ಕುರಿ ಮತ್ತು ತೋಳಗಳನ್ನೂ ಜೊತೆಗಿಟ್ಟುಕೊಂಡು, ಇಲ್ಲಿ ಮಾಡಬಹುದಾದ ಒಂದು ಸಣ್ಣ ಕೆಲಸವನ್ನು ಸಭೆಯ ಮುಂದಿಡುವುದಿದೆ.

ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ಸೀಮೆಯನ್ನು ಹೊರಗಿನವರು ಕಬ್ಬಿನ ನಾಡು ಎಂದೇ ಬಲ್ಲರು. ಮುಧೋಳ, ಜಮಖಂಡಿಯ ರಸ್ತೆಗಳಲ್ಲಿ ಸುಗ್ಗಿಯ ಕಾಲಕ್ಕೆ ಕಬ್ಬಿನ ಗಾಡಿಗಳದೇ ಸಾಲು. ರಬಕವಿ-ಬನಹಟ್ಟಿಯಲ್ಲಿ ಮಗ್ಗದ ಸದ್ದು. ನೀರು ಏರಿದ ಕಡೆಯೆಲ್ಲ ಹಸಿರು. ನೀರು ಏರದ ಕಲ್ಲುದಿಬ್ಬಗಳ ಮೇಲೆ ಮಾತ್ರ ಹಳೆಯ ನೆಲ ಉಳಿದಿದೆ. ವರ್ಷಕ್ಕೆ ಸುಮಾರು 500ರಿಂದ 600 ಮಿಲಿಮೀಟರ್ ಮಳೆ, ಅದರಲ್ಲಿ ಹೆಚ್ಚಿನದು ಬೀಳುವುದು ಮಳೆಗಾಲದ ಕೊನೆಯಲ್ಲಿ. ಗರಸು ಮಣ್ಣು. ಜಾಲಿ, ಬಾರಿ, ಕವಳಿ ಕಂಟಿ, ಹೊನ್ನಾವರಿಕೆ, ಬಂದರಿಕೆ, ನಡುನಡುವೆ ಬೇವು. ಇಂಥ ದಿಬ್ಬಗಳ 96.36 ಚದರ ಕಿಲೋಮೀಟರ್ ಪ್ರದೇಶವನ್ನು 2016ರಲ್ಲಿ ಯಡಹಳ್ಳಿ ಚಿಂಕಾರ ವನ್ಯಜೀವಿಧಾಮ ಎಂದು ಘೋಷಿಸಲಾಯಿತು. ಚಿಂಕಾರಕ್ಕೆಂದೇ ಕರ್ನಾಟಕದಲ್ಲಿ ಮೀಸಲಾದ ಮೊದಲ ಧಾಮ ಇದು. ತುಮಕೂರು ಜಿಲ್ಲೆಯ ಬುಕ್ಕಾಪಟ್ಟಣದ ಧಾಮ 2019ರಲ್ಲಿ ಬಂತು.

ಇಲ್ಲಿ ಒಂದು ಸ್ಪಷ್ಟನೆ ಅಗತ್ಯ. ಬಾಯಿಮಾತಿನಲ್ಲಿ ಚಿಂಕಾರವೂ ಜಿಂಕೆಯೇ, ಕೃಷ್ಣಮೃಗವೂ ಜಿಂಕೆಯೇ. ಉತ್ತರ ಕರ್ನಾಟಕದವರಿಗೆ ಎಲ್ಲವೂ ಚಿಗರಿ. ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಬಸ್ಸಿಗೂ ಅದೇ ಹೆಸರು. ಪ್ರಾಣಿಶಾಸ್ತ್ರ ಮಾತ್ರ ಚಿಂಕಾರ, ಕೃಷ್ಣಮೃಗಗಳನ್ನು ಜಿಂಕೆಗಳಿಂದ ಬೇರೆ ಇಡುತ್ತದೆ. ಚುಕ್ಕೆ ಜಿಂಕೆ, ಕಡವೆಗಳ ಕೊಂಬು ಕವಲೊಡೆಯುತ್ತದೆ, ಕಾಲಕಾಲಕ್ಕೆ ಉದುರಿ ಮತ್ತೆ ಮೂಡುತ್ತದೆ. ಚಿಂಕಾರದ ಕೋಡು ಕವಲಿಲ್ಲದ್ದು, ಜೀವಮಾನಕ್ಕೆ ಒಂದೇ ಜೊತೆ. ಹೆಣ್ಣಿಗೂ ಸಣ್ಣ ಕೋಡು ಇರುತ್ತದೆ. ಮೇವಿನ ವಿಷಯಕ್ಕೆ ಬಂದಾಗ ಈ ಭೇದ ಅಷ್ಟು ಮುಖ್ಯವಲ್ಲ. ಜಿಂಕೆ, ಚಿಂಕಾರ ಎರಡೂ ಮೆಲುಕು ಹಾಕುವ ಪ್ರಾಣಿಗಳು, ಎರಡಕ್ಕೂ ಎಳೆ ಚಿಗುರು ಇಷ್ಟ.

ಚಿಂಕಾರವನ್ನು ವಿಜ್ಞಾನಕ್ಕೆ ಪರಿಚಯಿಸಿದ ಬರಹ ಹುಟ್ಟಿದ್ದು ದಖ್ಖನ್ ನೆಲದಿಂದಲೇ. ಮುಂಬಯಿ ಸರಕಾರದ ಸೇವೆಯಲ್ಲಿದ್ದ ಕರ್ನಲ್ ಸೈಕ್ಸ್ ದಖ್ಖನ್ನಿನ ಪ್ರಾಣಿಗಳನ್ನು ಪಟ್ಟಿಮಾಡುವಾಗ 1831ರಲ್ಲಿ ಇದನ್ನು ವರ್ಣಿಸಿ ಹೆಸರಿಟ್ಟ. 19ನೇ ಶತಮಾನದಲ್ಲೇ ಭಾರತದ ಸಸ್ತನಿಗಳ ಬಗ್ಗೆ ಪುಸ್ತಕ ಬರೆದ ಜೆರ್ಡನ್ ಇದರ ಕನ್ನಡ ಹೆಸರುಗಳನ್ನು ಬುದರಿ, ಮುದರಿ ಎಂದು ದಾಖಲಿಸಿದ್ದಾನೆ. ಈ ಹೆಸರುಗಳು ಇಂದು ಎಷ್ಟು ನಾಲಗೆಗಳ ಮೇಲಿವೆ? ಸಭೆಯಲ್ಲಿರುವ ಹಿರಿಯರಲ್ಲಿ ಯಾರಿಗಾದರೂ ನೆನಪಿದ್ದರೆ ಅದನ್ನು ಬರೆದಿಡುವುದು ಒಳ್ಳೆಯದು. ಪ್ರಾಣಿಯ ಹೆಸರು ಹೋದರೆ ಅದರ ಜೊತೆಗಿದ್ದ ತಿಳಿವಳಿಕೆಯ ಒಂದು ಪಾಲೂ ಹೋಗುತ್ತದೆ.

ಭುಜದ ಎತ್ತರ ಸುಮಾರು 65 ಸೆಂಟಿಮೀಟರ್, ತೂಕ 20 ಕಿಲೋ ಆಸುಪಾಸು. ಒಂಟಿಯಾಗಿ, ಇಲ್ಲವೇ ಎರಡು-ಮೂರರ ಗುಂಪಿನಲ್ಲಿ ತಿರುಗುತ್ತದೆ. ಹೆದರಿದಾಗ ಸೀನಿದಂತೆ ಸದ್ದು ಮಾಡುತ್ತದೆ. ಎಲೆ ಮತ್ತು ಇಬ್ಬನಿಯಲ್ಲಿರುವ ನೀರಿನಲ್ಲೇ ಬಹಳ ದಿನ ತಾಳಬಲ್ಲದು. ಅದರ ಮೂತಿ ಕಿರಿದು. ಇಂದಿನ ವಿಷಯಕ್ಕೆ ಬೇಕಾದ ಅಂಗ ಇದೇ. ದನ ನಾಲಗೆ ಸುತ್ತಿ ಹಿಡಿಹಿಡಿಯಾಗಿ ಹುಲ್ಲು ಎಳೆಯುತ್ತದೆ, ನೆಲಕ್ಕೆ ಹತ್ತಿದ ಗಿಡ ಅದಕ್ಕೆ ಸಿಗುವುದಿಲ್ಲ. ಚಿಂಕಾರ ಹಾಗಲ್ಲ. ಸಣ್ಣ ಹೊಟ್ಟೆಗೆ ಸತ್ವದ ತುತ್ತೇ ಬೇಕು. ಹಾಗಾಗಿ ಮುಳ್ಳಿನ ನಡುವೆ ಮೂತಿ ತೂರಿಸಿ ಒಂದು ಚಿಗುರು, ಒಂದು ಮೊಗ್ಗು, ಬಾರಿಯ ಒಂದು ಹಣ್ಣು ಎಂದು ಆಯ್ದು ತಿನ್ನುತ್ತದೆ, ನಾಲ್ಕು ಹೆಜ್ಜೆ ಇಟ್ಟು ಮುಂದಿನ ಗಿಡಕ್ಕೆ ಹೋಗುತ್ತದೆ.

ಈಗ ಎರಡನೆಯ ಭಾಗಕ್ಕೆ ಬರೋಣ. ಆ ಒಂದು ತುತ್ತಿನಿಂದ ಗಿಡಕ್ಕೆ ಏನಾಗುತ್ತದೆ?

ಹುಲ್ಲು ಮತ್ತು ಹೂಗಿಡ ಬೆಳೆಯುವ ಬಗೆಯೇ ಬೇರೆ. ಹುಲ್ಲಿನ ಬೆಳೆಯುವ ಬಿಂದು ಬುಡದಲ್ಲಿ, ನೆಲಕ್ಕೆ ಹತ್ತಿರದಲ್ಲಿರುತ್ತದೆ. ಮೇಲಿನದನ್ನು ಕತ್ತರಿಸಿದರೂ ಅದು ಕೆಳಗಿನಿಂದ ತಳ್ಳಿಕೊಂಡು ಬರುತ್ತದೆ. ಅಗಲ ಎಲೆಯ ಹೂಗಿಡಗಳಲ್ಲಿ ಹೆಚ್ಚಿನವುಗಳ ಬೆಳವಣಿಗೆ ತುದಿಯಲ್ಲಿ, ಮೊಗ್ಗು ಬರುವುದೂ ಅಲ್ಲೇ. ತುದಿಯನ್ನು ಕಚ್ಚಿದರೆ ಎಲೆಯ ಜೊತೆಗೆ ಆ ವರ್ಷದ ಹೂವೂ ಹೋಯಿತು. ಗಿಡ ಪಕ್ಕದಿಂದ ಕವಲೊಡೆದು ಮತ್ತೆ ಹೂ ಬಿಡಬಹುದು, ಆದರೆ ಅದಕ್ಕೆ ತೇವ ಬೇಕು, ದಿನಗಳು ಬೇಕು. ಕೆಲವೇ ವಾರ ತೇವ ನಿಲ್ಲುವ ಗರಸು ದಿಬ್ಬದಲ್ಲಿ ಎರಡನೆಯ ಅವಕಾಶ ಎಲ್ಲ ಗಿಡಕ್ಕೂ ಸಿಗುವುದಿಲ್ಲ. ಹೂ ಬಿಡುವ ಮುಂಚೆ ಬಿದ್ದ ಕಡಿತಕ್ಕೂ ಕಾಳು ಉದುರಿದ ಮೇಲೆ ಬಿದ್ದ ಕಡಿತಕ್ಕೂ ಇರುವ ಅಂತರ ಇದರಿಂದ ತಿಳಿಯುತ್ತದೆ.

ಆದ್ದರಿಂದ ಮೇವು ಹೆಚ್ಚಿರುವ ನೆಲದಲ್ಲಿ ಗಿಡಗಳು ಬದುಕುವ ಉಪಾಯಗಳನ್ನು ಹುಡುಕಿಕೊಂಡಿವೆ. ಈ ಸೀಮೆಯಲ್ಲೇ ಅವನ್ನು ಒಂದೊಂದಾಗಿ ತೋರಿಸಬಹುದು. ವಿಷ್ಣುಕ್ರಾಂತಿ ನೆಲಕ್ಕೆ ಮೈ ಚಾಚಿ ಮಲಗಿರುತ್ತದೆ. ಆ ಪುಟ್ಟ ನೀಲಿ ಹೂ ಅರಳುವ ಎತ್ತರಕ್ಕೆ ಎಷ್ಟೋ ಹಲ್ಲುಗಳು ಇಳಿಯುವುದೇ ಇಲ್ಲ. ನೆಗ್ಗಿಲು ಕೂಡ ಹಾಗೆಯೇ ಹರಡುತ್ತದೆ, ಅದರ ಮುಳ್ಳುಕಾಯಿ ಪ್ರಾಣಿಯ ಗೊರಸಿಗೂ ಮನುಷ್ಯನ ಚಪ್ಪಲಿಗೂ ಚುಚ್ಚಿಕೊಂಡು ಊರೂರು ತಿರುಗುತ್ತದೆ. ಎಕ್ಕಿ ಗಿಡಕ್ಕೆ ಹಾಲಿನ ಕಾವಲು. ಬಂದರಿಕೆಯ ಎಲೆಗೆ ಅಂಟಂಟಾದ ಹೊದಿಕೆ. ಬೇಲಿಗಳಲ್ಲಿ ಬಳ್ಳಿಯಾಗಿ ಏರುವ ಗೌರಿ ಹೂವಿನ ಗಡ್ಡೆ, ಎಲೆ, ಬೀಜಗಳಲ್ಲಿ ಕಾಲ್ಚಿಸಿನ್ ಎಂಬ ಕಡು ವಿಷ ಇದೆ. ಬೆಂಕಿಯ ನಾಲಗೆಯಂತೆ ಕೆಂಪು-ಹಳದಿಯಾಗಿ ಅರಳಿದ ಆ ಹೂ ಯಾರ ಕಣ್ಣಿಗೂ ಮರೆಯಾಗಬೇಕಿಲ್ಲ. ಕಾಡು ಈರುಳ್ಳಿ ಇನ್ನೂ ಒಂದು ಹೆಜ್ಜೆ ಮುಂದಿದೆ. ಅದರ ಗಡ್ಡೆಯೂ ವಿಷ. ಜೊತೆಗೆ ಬೇಸಿಗೆಯ ಉರಿಯಲ್ಲಿ ಒಂದೂ ಎಲೆ ಇಲ್ಲದೆ ಬರೀ ಹೂದಂಡನ್ನು ಮೇಲಕ್ಕೆ ಕಳಿಸಿ, ಮಳೆ ಬಿದ್ದ ಮೇಲೆ ಎಲೆ ತೆರೆಯುತ್ತದೆ.

ವಿಷವೂ ಇಲ್ಲದ, ಮುಳ್ಳೂ ಇಲ್ಲದ ಮೆತ್ತನೆಯ ಗಿಡಗಳ ಗತಿ? ಅವು ಬೇರೆಯವರ ಮುಳ್ಳಿನ ಆಶ್ರಯ ಪಡೆಯುತ್ತವೆ. ಮಳೆಯಾದ ತಿಂಗಳಲ್ಲಿ ಕವಳಿ ಕಂಟಿಯ ಬುಡವನ್ನು ಬಗ್ಗಿ ನೋಡಿದವರಿಗೆ ಇದು ಗೊತ್ತು. ಬಯಲಲ್ಲಿ ಕಾಣದ ಎಳೆ ಬಳ್ಳಿಗಳು, ಬೇಳೆಕಾಳಿನ ಕುಲದ ಸಣ್ಣ ಹರಡುಗಿಡಗಳು ಆ ಮುಳ್ಳಿನ ಕೊಡೆಯೊಳಗೆ ನೆಮ್ಮದಿಯಾಗಿ ಹೂ ಬಿಟ್ಟಿರುತ್ತವೆ. ಸೌದೆಗೆಂದು ಒಂದು ಕವಳಿ ಕಂಟಿಯನ್ನು ಕಡಿದಾಗ ಹೋಗುವುದು ಹಣ್ಣಿನ ಗಿಡ ಮಾತ್ರ ಅಲ್ಲ, ಅದರ ಬುಡದಲ್ಲಿದ್ದ ಬೀಜದ ಕಣಜವೂ ಹೋಗುತ್ತದೆ. ಅಡವಿಯ ಚರ್ಚೆಯಲ್ಲಿ ಮರಗಳಿಗೆ ಸಿಗುವ ಮರ್ಯಾದೆ ಈ ಕಂಟಿಗಳಿಗೂ ಸಿಗಬೇಕು.

ಹೂ ಕಡಿಮೆಯಾದರೆ ನಷ್ಟ ಗಿಡಕ್ಕಷ್ಟೇ ಅಲ್ಲ. ಹೊನ್ನಾವರಿಕೆಯ ಹೂವಿಗೆ ಬಡಗಿ ದುಂಬಿ ಬಂದು ಝೇಂಕರಿಸಿ ಪರಾಗ ಉದುರಿಸಿಕೊಳ್ಳುತ್ತದೆ. ಅದೇ ಗಿಡದ ಎಲೆಯ ಮೇಲೆ ಹಳದಿ-ಬಿಳಿ ಚಿಟ್ಟೆಗಳ ಮರಿಹುಳು ಬೆಳೆಯುತ್ತದೆ. ಎಕ್ಕಿಯ ಎಲೆ ಇನ್ನೊಂದು ಜಾತಿಯ ಕಿತ್ತಳೆ ಚಿಟ್ಟೆಗೆ ತೊಟ್ಟಿಲು. ಪ್ರಾಣಿ ತಿನ್ನದೆ ಬಿಟ್ಟ ಗಿಡಗಳಿಂದ ಕೀಟಗಳ ಒಂದು ಪಂಗಡ ಬದುಕುತ್ತದೆ. ಪ್ರಾಣಿ ತಿಂದು ಮುಗಿಸಿದ ಗಿಡಗಳನ್ನು ನಂಬಿದ್ದ ಪಂಗಡ ಸದ್ದಿಲ್ಲದೆ ಕರಗುತ್ತದೆ.

ಇಷ್ಟು ಗಿಡದ ಮಾತಾಯಿತು. ಇದನ್ನು ವರ್ಷಗಟ್ಟಲೆ ಅಳೆದು ನೋಡಿದ ಊರುಗಳ ಕಡೆ ಈಗ ಹೋಗಬೇಕು.

ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಜಾನ್ ಕರ್ಟಿಸ್ ಎಂಬ ಸಸ್ಯವಿಜ್ಞಾನಿ 1940-50ರ ದಶಕಗಳಲ್ಲಿ ಕಾಡುಗಳ ನೆಲಮಟ್ಟದ ಗಿಡಗಳನ್ನು ಚೌಕಹಾಕಿ ಎಣಿಸಿ ಬರೆದಿಟ್ಟಿದ್ದ. ಸುಮಾರು 50 ವರ್ಷಗಳ ನಂತರ ರೂನಿ, ವಾಲರ್ ಮತ್ತು ಸಂಗಡಿಗರು ಅಂಥ 62 ತಾಣಗಳಿಗೆ ಮರಳಿ ಹೋಗಿ ಮತ್ತೆ ಎಣಿಸಿದರು. ಫಲಿತಾಂಶ 2004ರಲ್ಲಿ ಪ್ರಕಟವಾಯಿತು. ಮರಗಳು ಇದ್ದವು, ಕಾಡು ತುಂಡಾಗಿರಲಿಲ್ಲ. ಆದರೂ ಸ್ಥಳೀಯ ಗಿಡಜಾತಿಗಳ ಸಾಂದ್ರತೆ ಸರಾಸರಿ ಶೇ. 18ಕ್ಕೂ ಹೆಚ್ಚು ಇಳಿದಿತ್ತು. ಜಿಂಕೆ ಬೇಟೆಗೆ ಅವಕಾಶ ಇರದ ತಾಣಗಳಲ್ಲಿ ನಷ್ಟ ಎಲ್ಲಕ್ಕಿಂತ ಹೆಚ್ಚು. ಆ ದೇಶದ ಪೂರ್ವ ಭಾಗದ ಕಾಡುಗಳಲ್ಲಿ ಟ್ರಿಲಿಯಂ ಎಂಬ ಮೂರೆಸಳಿನ ಹೂ ಇದೆ. ಬೀಜ ಮೊಳೆತು ಮೊದಲ ಹೂ ಬಿಡಲು ಅದಕ್ಕೆ ಏಳೆಂಟು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಬೇಕು. ಒಂದು ಕಡಿತಕ್ಕೆ ಎಲೆ ಮತ್ತು ಹೂ ಒಟ್ಟಿಗೆ ಹೋದರೆ ಆ ವರ್ಷ ಮತ್ತೆ ಚಿಗುರುವುದಿಲ್ಲ. ಎತ್ತರದ ಗಿಡಗಳನ್ನೇ ಜಿಂಕೆ ಆರಿಸುವುದರಿಂದ ಗುಂಪಿನಲ್ಲಿ ಕುಳ್ಳ ಗಿಡಗಳು ಉಳಿಯುತ್ತವೆ. ಹೀಗಾಗಿ ಟ್ರಿಲಿಯಂನ ಎತ್ತರ ಅಳೆದೇ ಜಿಂಕೆಯ ಒತ್ತಡವನ್ನು ಅಂದಾಜು ಮಾಡುವ ರೂಢಿ ಅಲ್ಲಿ ಬೆಳೆದಿದೆ.

ಇದೇ ಟ್ರಿಲಿಯಂನ ಕಥೆಗೆ ಇನ್ನೊಂದು ಮಗ್ಗುಲಿದೆ. ಅದರ ಬೀಜವನ್ನು ಸಾಮಾನ್ಯವಾಗಿ ಹೊರುವುದು ಇರುವೆ, ಅದು ಹೋಗುವುದು ಕೆಲವೇ ಗಜ. ಆದರೆ ಜಿಂಕೆಯ ಹಿಕ್ಕೆಯಲ್ಲಿ ಮೊಳೆಯಬಲ್ಲ ಟ್ರಿಲಿಯಂ ಬೀಜ ಸಿಕ್ಕಿದೆ. ತಿಂದು ಹಾಳು ಮಾಡುವ ಪ್ರಾಣಿಯೇ ಬೀಜವನ್ನು ಇರುವೆಗೆ ಎಟುಕದ ದೂರಕ್ಕೆ ಒಯ್ಯುತ್ತದೆ.

ಹತ್ತಿರದ ಉದಾಹರಣೆ ಅಂಡಮಾನಿನದು. ಅಲ್ಲಿ ಚುಕ್ಕೆ ಜಿಂಕೆ ಇರಲೇ ಇಲ್ಲ. ಬ್ರಿಟಿಷರು ತಂದು ಬಿಟ್ಟರು. ಹುಲಿ, ಚಿರತೆ, ಕಾಡುನಾಯಿ ಯಾವುದೂ ಇಲ್ಲದ ದ್ವೀಪಗಳಲ್ಲಿ ಅವು ಹಬ್ಬಿದವು. ಮೊಹಾಂತಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನ ಜಿಂಕೆಯ ಮೇವಿನಿಂದ ಕಾಡಿನ ಕೆಳಹಂತದ ಹಸಿರು ತೆಳುವಾಗುವುದನ್ನೂ, ಅದರ ಹಿಂದೆಯೇ ಓತಿ-ಹಲ್ಲಿಗಳು ಕಡಿಮೆಯಾಗುವುದನ್ನೂ ತೋರಿಸಿತು. ಜಿಂಕೆ ಹಲ್ಲಿಯನ್ನು ಮುಟ್ಟಿಲ್ಲ. ಹಲ್ಲಿ ಅಡಗುವ, ಕೀಟ ಹಿಡಿಯುವ ಎಲೆಗಳನ್ನು ಮುಟ್ಟಿದೆ. ನಮ್ಮ ಬಂಡೀಪುರ, ನಾಗರಹೊಳೆಯಲ್ಲಿ ಸಾವಿರಾರು ವರ್ಷ ಬಾಳಿ ಬಂದ ಅದೇ ಚುಕ್ಕೆ ಜಿಂಕೆ ಅಲ್ಲಿ ಬೇರೆಯೇ ಪ್ರಾಣಿಯಂತೆ ವರ್ತಿಸಲು ಕಾರಣ, ಅದರ ಬೆನ್ನ ಹಿಂದೆ ಬೇಟೆಗಾರ ಪ್ರಾಣಿ ಇಲ್ಲದಿರುವುದು.

ಮೂರನೆಯ ಉದಾಹರಣೆ ನಮ್ಮ ಜಾಲಿಗುಡ್ಡಗಳಿಗೆ ಎಲ್ಲಕ್ಕಿಂತ ಸಮೀಪ. ಗುಜರಾತಿನ ವೆಳಾವದರ್ ಹುಲ್ಲುಗಾವಲಿನಲ್ಲಿ ಕೃಷ್ಣಮೃಗಗಳು ಬಳ್ಳಾರಿ ಜಾಲಿಯ ಸಿಹಿ ಕಾಯಿಗಳನ್ನು ತಿನ್ನುತ್ತವೆ. ಗಂಡುಗಳು ತಮ್ಮ ಗಡಿ ಕಾಯುತ್ತ ಒಂದೇ ಕಡೆ ಹಿಕ್ಕೆ ಗುಡ್ಡೆ ಹಾಕುತ್ತವೆ. ಬೀಜ ಆ ಗುಡ್ಡೆಗಳಲ್ಲಿ ಸೇರಿ, ಬಯಲ ನಡುವೆ ಜಾಲಿ ಮೊಳೆಯಲು ದಾರಿಯಾಗುತ್ತದೆ ಎಂದು 2013ರ ಒಂದು ಅಧ್ಯಯನ ತೋರಿಸಿದೆ. ಚಿಂಕಾರವೂ ಹಿಕ್ಕೆ ಗುಡ್ಡೆ ಹಾಕುವ ಪ್ರಾಣಿ, ಕಾಯಿ-ಹಣ್ಣು ತಿನ್ನುವ ಪ್ರಾಣಿ. ಅದರ ಹೊಟ್ಟೆಯ ಮೂಲಕ ಬಾರಿ, ಬನ್ನಿ ಹೋದರೆ ಅಡವಿ ಉಳಿಯುತ್ತದೆ. ಬಳ್ಳಾರಿ ಜಾಲಿ ಹೋದರೆ ನೆರಳು ದಟ್ಟವಾಗಿ ನೆಲಹೂಗಳಿಗೆ ಬಿಸಿಲೇ ಸಿಗದಂತಾಗುತ್ತದೆ. ಸುತ್ತಲಿನ ನೆಲದಲ್ಲಿ ಏನು ಬೆಳೆದಿದೆಯೋ ಅದನ್ನೇ ಪ್ರಾಣಿ ಬಿತ್ತುತ್ತದೆ.

ರಾಣೆಬೆನ್ನೂರಿನ ಕೃಷ್ಣಮೃಗ ಧಾಮವನ್ನು ಇಲ್ಲಿ ನೆನೆಯದೆ ಮುಂದೆ ಹೋಗಲಾಗದು. 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಆ ಧಾಮದ ದೊಡ್ಡ ಭಾಗ ನೀಲಗಿರಿ ನೆಡುತೋಪಾಗಿತ್ತು. ಬಯಲು ಹುಲ್ಲುಗಾವಲಿನ ಪ್ರಾಣಿಗೆ ಮರದ ಸಾಲು ಕೊಟ್ಟಂತಾಯಿತು. ಕುರುಚಲು, ಹುಲ್ಲು, ಗರಸು ನೆಲ ಎಂದರೆ ಪಾಳು ಎಂಬ ಎಣಿಕೆ ನಮ್ಮ ಕಂದಾಯ ದಾಖಲೆಯಿಂದ ಮನಸ್ಸಿಗೂ ಇಳಿದಿದೆ. ಅಲ್ಲಿ ಮರ ನೆಟ್ಟರೆ ಪುಣ್ಯ ಎಂದುಕೊಂಡು ನೆಲಹೂಗಳ ಬಿಸಿಲನ್ನು ಕಸಿಯುತ್ತೇವೆ. ಯಡಹಳ್ಳಿಗೆ ಈ ಗತಿ ಬರಬಾರದು.

ಇನ್ನು ಕೊನೆಯ ಭಾಗ. ಯಡಹಳ್ಳಿಯ ಸುತ್ತ ಮೇಯುವ ಬಾಯಿಗಳ ಲೆಕ್ಕ ಹಿಡಿದರೆ ಚಿಂಕಾರದ ಪಾಲು ಅತಿ ಚಿಕ್ಕದು. ಒಂದು ಕುರಿಗೂ ಒಂದು ಚಿಂಕಾರಕ್ಕೂ ತೂಕದಲ್ಲಿ ಬಹಳ ಅಂತರವಿಲ್ಲ. ಆದರೆ ಚಿಂಕಾರ ಎರಡು-ಮೂರು, ಕುರಿ ನೂರು-ಇನ್ನೂರು. ಚಿಂಕಾರ ಆಯ್ದು ತಿಂದು ಮುಂದೆ ಹೋಗುತ್ತದೆ. ಸೀಳಿದ ಮೇಲ್ದುಟಿಯ ಕುರಿ ನೆಲಕ್ಕೆ ಹತ್ತಿದ ಹಸಿರನ್ನೂ ಕತ್ತರಿಸಬಲ್ಲದು, ಆಡು ಹಿಂಗಾಲ ಮೇಲೆ ನಿಂತು ಮೇಲಿನ ಟೊಂಗೆಗೂ ಎಟುಕುತ್ತದೆ.

ಹೀಗೆಂದು ಕುರುಬರನ್ನು ಅಡವಿಯ ವೈರಿಗಳೆಂದು ಬರೆದರೆ ಅದು ಅನ್ಯಾಯ. ಈ ಸೀಮೆಯ ಎಳಗ ಕುರಿ, ಕಂಬಳಿ, ಹೊಲದಲ್ಲಿ ಕುರಿ ತರುಬುವ ಪದ್ಧತಿ ಎಲ್ಲವೂ ಮೇವನ್ನು ಹುಡುಕುತ್ತ ನಡೆದವರ ಬಾಳಿನಿಂದ ಬಂದವು. ಸುಗ್ಗಿಯಾದ ಹೊಲಗಳಲ್ಲಿ ಹಿಂಡು ತಂಗಿದಷ್ಟು ಕಾಲ ಗುಡ್ಡಕ್ಕೆ ಬಿಡುವು ಸಿಗುತ್ತಿತ್ತು. ನೀರಾವರಿ ಬಂದು ಹೊಲವೆಲ್ಲ ವರ್ಷಪೂರ್ತಿ ಕಬ್ಬಾದಾಗ ಕುರಿ ನಿಲ್ಲಿಸುವ ಜಾಗ ಹೋಯಿತು, ಹಿಂಡು ಗುಡ್ಡದ ಮೇಲೆಯೇ ಉಳಿಯಿತು. ನೆಲಹೂವಿನ ಮೇಲೆ ಬಿದ್ದ ಒತ್ತಡದ ಬೇರು ಹುಡುಕುವವರು ಕುರಿಯ ಬಾಯಿಯ ಜೊತೆಗೆ ಕಾಲುವೆಯ ನಕ್ಷೆಯನ್ನೂ ನೋಡಬೇಕು. ಕುರುಬರಿಲ್ಲದೆ ಮಾಡುವ ಯಾವ ಮೇವಿನ ಯೋಜನೆಯೂ ಈ ದಿಬ್ಬಗಳಲ್ಲಿ ನಿಲ್ಲುವುದಿಲ್ಲ.

ತೋಳದ ಮಾತೂ ಇಲ್ಲೇ ಬರಬೇಕು. ಯಡಹಳ್ಳಿಯಲ್ಲಿ ತೋಳ ಇದೆ, ಕತ್ತೆಕಿರುಬ ಇದೆ, ನರಿ ಇದೆ. ಅಮೆರಿಕದ ಆಲ್ಡೊ ಲಿಯೊಪೋಲ್ಡ್ ಯೌವನದಲ್ಲಿ, ತೋಳ ಕಡಿಮೆಯಾದರೆ ಜಿಂಕೆ ಹೆಚ್ಚುತ್ತವೆ ಎಂಬ ನಂಬಿಕೆಯಿಂದ ತೋಳಕ್ಕೆ ಗುಂಡು ಹೊಡೆದವನು. ತೋಳವಿಲ್ಲದ ಬೆಟ್ಟಗಳನ್ನು ಜಿಂಕೆಗಳು ಬೋಳು ಮಾಡಿದ್ದನ್ನು ಕಂಡು ಮನಸ್ಸು ಬದಲಿಸಿ ಬರೆದ ಪ್ರಬಂಧ 1949ರಲ್ಲಿ, ಅವನು ತೀರಿದ ಮರುವರ್ಷ, ಪುಸ್ತಕದಲ್ಲಿ ಬಂತು. ನಮ್ಮಲ್ಲಿ ಚಿಂಕಾರ ಹೆಚ್ಚಾಗಿದೆ ಎಂದು ಯಾರೂ ಹೇಳಲಾರರು. ಆದರೆ ಬೇಟೆಗಾರ ಪ್ರಾಣಿ ಇರುವ ನೆಲದಲ್ಲಿ ಮೇಯುವ ಪ್ರಾಣಿ ಒಂದೇ ಕಡೆ ನಿಲ್ಲುವುದಿಲ್ಲ, ತಲೆ ಎತ್ತಿ ನೋಡುತ್ತ, ಜಾಗ ಬದಲಿಸುತ್ತ ಮೇಯುತ್ತದೆ. ಕುರಿ ಕಳೆದುಕೊಂಡವನಿಗೆ ಬೇಗ ಮತ್ತು ಪೂರ್ತಿ ಪರಿಹಾರ ಸಿಕ್ಕರೆ ಮಾತ್ರ ತೋಳ ಉಳಿದೀತು. ತೋಳಕ್ಕೆ ವಿಷ ಇಟ್ಟರೆ ಆ ವಿಷ ಹೂವಿನ ತನಕ ಬಂದು ಮುಟ್ಟುತ್ತದೆ.

ಸಭೆಯ ಮುಂದಿಡುವ ಕೆಲಸ ಇದು. ಧಾಮಗಳಲ್ಲಿ ಪ್ರಾಣಿ ಎಣಿಸುತ್ತಾರೆ. ಯಡಹಳ್ಳಿಯಲ್ಲಿ ಹೂವನ್ನೂ ಎಣಿಸಬೇಕು. ಅರಣ್ಯ ಇಲಾಖೆಯ ಅನುಮತಿ ಪಡೆದು, ಧಾಮದ ಒಳಗೆ ಹತ್ತು ಮೀಟರ್ ಉದ್ದಗಲದ ಎರಡು ಚೌಕ ಆರಿಸುವುದು. ಒಂದಕ್ಕೆ ಯಾವ ಬಾಯಿಯೂ ಎಟುಕದಂತೆ ಬೇಲಿ, ಪಕ್ಕದ್ದು ತೆರೆದದ್ದು. ಅಂಥದೇ ಇನ್ನೊಂದು ಜೋಡಿ ಧಾಮದ ಹೊರಗೆ, ಕುರಿ ಮೇಯುವ ಗುಡ್ಡದಲ್ಲಿ. ಒಳಗಿನ ಜೋಡಿಯ ಅಂತರ ಕಾಡುಪ್ರಾಣಿಗಳ ಮೇವಿನ ಲೆಕ್ಕ ಕೊಡುತ್ತದೆ, ಹೊರಗಿನದು ಹಿಂಡಿನ ಲೆಕ್ಕ ಕೊಡುತ್ತದೆ. ಇಂಥ ಜೋಡಿಗಳು ಹತ್ತಾರು ಇದ್ದರೆ ಲೆಕ್ಕ ಗಟ್ಟಿಯಾಗುತ್ತದೆ.

ಖರ್ಚು ಮುಖ್ಯವಾಗಿ ಬೇಲಿಯ ತಂತಿ ಮತ್ತು ಕಂಬದ್ದು. ಉಳಿದದ್ದು ಒಂದು ಮೀಟರಿನ ಕಟ್ಟಿಗೆಯ ಚೌಕಟ್ಟು, ಅಳತೆ ಪಟ್ಟಿ, ನೋಟುಪುಸ್ತಕ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಯ ಕಾಲೇಜುಗಳ ಸಸ್ಯಶಾಸ್ತ್ರದ ವಿದ್ಯಾರ್ಥಿಗಳು ಮಳೆಗಾಲದ ಕೊನೆಗೆ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ, ಕಾಡು ಈರುಳ್ಳಿ ಹೂ ಬಿಡುವ ಬೇಸಿಗೆಯಲ್ಲಿ ಒಮ್ಮೆ ಹೋಗಿ ಬರಬೇಕು. ಚೌಕಟ್ಟಿನೊಳಗೆ ಎಷ್ಟು ಜಾತಿ, ಹೂ ಬಿಟ್ಟ ಕಡ್ಡಿ ಎಷ್ಟು, ಬೇಳೆಕಾಳಿನ ಕುಲದ ಹರಡುಗಿಡ ಎಷ್ಟು ಸೆಂಟಿಮೀಟರ್ ಎತ್ತರ ಎಂದು ಬರೆದುಕೊಳ್ಳಬೇಕು. ಪ್ರತಿ ಗಿಡದ ಎದುರಿಗೆ, ಜೊತೆಯಲ್ಲಿ ನಡೆದು ಬಂದ ಕುರಿಗಾಹಿ ಹೇಳಿದ ಹೆಸರನ್ನು, ಅದನ್ನು ಯಾವ ಪ್ರಾಣಿ ಯಾವ ತಿಂಗಳಲ್ಲಿ ತಿನ್ನುತ್ತದೆ ಎಂದು ಆತ ಹೇಳಿದ ಮಾತನ್ನು ಅದೇ ಸಾಲಿನಲ್ಲಿ ಸೇರಿಸಬೇಕು. ಮೊದಲ ಎಣಿಕೆಗೆ ಮುಂದಿನ ಮಳೆಗಾಲದ ಕೊನೆಯ ವಾರಗಳು ಸರಿಯಾದ ಸಮಯ. ಆಗ ಗರಸಿನಲ್ಲಿ ಇನ್ನೂ ತೇವ ಇರುತ್ತದೆ, ವಿಷ್ಣುಕ್ರಾಂತಿ ಬೆಳಗಿನ ಬಿಸಿಲಿಗೆ ತೆರೆದಿರುತ್ತದೆ, ಹೊನ್ನಾವರಿಕೆ ಮೊಗ್ಗು ಕಟ್ಟಿರುತ್ತದೆ.